ಪ್ರೆಸ್ ಶಾಪಲ್ಲಿ ಬೆರಳು ಹೋಗೋದು ಯಾಕೆ? ಬೋರ್ಡ್ ಹಾಕಿದ್ರೆ, ಲೈಟ್ ಕರ್ಟನ್ ಹಾಕ್ಸಿದ್ರೆ ನಿಲ್ಲುತ್ತಾ?

ಪ್ರಶ್ನೆ: ನಮಸ್ಕಾರ ಸಾರ್. ನಾನು ತುಮಕೂರು ವಸಂತನರಸಾಪುರದಲ್ಲಿ ಒಂದು ಶೀಟ್ ಮೆಟಲ್ ಕಂಪನೀಲಿ ಸೂಪರ್‌ವೈಸರ್. 9 ಪವರ್ ಪ್ರೆಸ್ (ತಗಡನ್ನ ಒತ್ತಿ ಕತ್ತರಿಸೋ, ಬಗ್ಗಿಸೋ ಮಷೀನು) ಇದೆ, 2 ಡ್ರಿಲ್ಲಿಂಗ್ ಮಷೀನು, ಒಂದು ಶಿಯರಿಂಗ್, ಸಣ್ಣ ವೆಲ್ಡಿಂಗ್ ಸೆಕ್ಷನ್, ಒಟ್ಟು 45 ಜನ, ಮುಕ್ಕಾಲು ಪಾಲು ಒಡಿಶಾ ಬಿಹಾರದ ಕಾಂಟ್ರಾಕ್ಟ್ ಹುಡುಗ್ರು. ಒಂದೂವರೆ ವರ್ಷದಲ್ಲಿ ಮೂರು ಜನಕ್ಕೆ ಬೆರಳಿಗೆ ಏಟಾಗಿದೆ. ಒಬ್ಬನಿಗೆ ತೋರುಬೆರಳು ಅರ್ಧ ಹೋಯ್ತು, ಅವನು ಪೆಡಲ್ ಒಂದ್ಸಲ ತುಳಿದಿದ್ದಕ್ಕೆ ಪ್ರೆಸ್ ಎರಡು ಸಲ ಬಂತು ಅಂದ, ಯಾರೂ ನಂಬ್ಲಿಲ್ಲ. ಇನ್ನೊಬ್ಬ ಸಿಕ್ಕಾಕ್ಕೊಂಡ ಪೀಸ್ ತೆಗೆಯೋಕ್ ಹೋಗಿ, ಮೂರನೆಯವನು ಡೈ (ಪೀಸಿಗೆ ಆಕಾರ ಕೊಡೋ ಅಚ್ಚು) ಸೆಟ್ ಮಾಡುವಾಗ. ಓನರ್ರು ಹುಡುಗ್ರು ಮೊಬೈಲ್ ನೋಡ್ಕೊಂಡ್ ಕೆಲಸ ಮಾಡ್ತಾರೆ ಅಂತಾರೆ. ಗ್ಲೌಸ್ ಕೊಟ್ಟಿದೀವಿ, ಗೋಡೆ ತುಂಬ ಬೋರ್ಡ್ ಹಾಕಿದೀವಿ. ಈಗ ಒಬ್ಬ ಸೇಲ್ಸ್‌ನವರು ಎಲ್ಲಾ ಪ್ರೆಸ್ಸಿಗೂ ಲೈಟ್ ಕರ್ಟನ್ (ಕೈ ಅಡ್ಡ ಬಂದ್ರೆ ಗುರುತಿಸೋ ಬೆಳಕಿನ ಪರದೆ) ಹಾಕ್ಸಿ ಅಂತ ಕೊಟೇಶನ್ ಕೊಟ್ಟಿದಾರೆ, ದುಡ್ಡು ಜಾಸ್ತಿ. ಹಾಕ್ಸಿದ್ರೆ ನಿಲ್ಲುತ್ತಾ? ಮೊದಲು ಏನ್ ಮಾಡ್ಬೇಕು?

ಉತ್ತರ: ನೀವು ಕೇಳಿರೋದು ಲೈಟ್ ಕರ್ಟನ್ ಬಗ್ಗೆ, ಆದ್ರೆ ಉತ್ತರ ನಿಮ್ಮ ಪ್ರಶ್ನೆ ಮಧ್ಯದಲ್ಲೇ ಕೂತಿದೆ ಸಾರ್. ಮೂರು ಬೆರಳಿನ ಕಥೆ ಬರ್ದಿದೀರ, ಮೂರರಲ್ಲಿ ಒಂದರಲ್ಲೂ ಮೊಬೈಲ್ ಇಲ್ಲ. ಒಂದು ಪ್ರೆಸ್ ಎರಡು ಸಲ ಬಂತು, ಒಂದು ಪೀಸ್ ಸಿಕ್ಕಾಕ್ಕೊಂಡಿತ್ತು, ಒಂದು ಡೈ ಸೆಟ್ಟಿಂಗು. ಮೂರಕ್ಕೂ ಕಾರಣ ಬೇರೆ ಬೇರೆ, ಮದ್ದೂ ಬೇರೆ ಬೇರೆ, ಮತ್ತೆ ಲೈಟ್ ಕರ್ಟನ್ನು ಬಹುಶಃ ಒಂದಕ್ಕೂ ಮದ್ದಲ್ಲ. ಒಂದೊಂದಾಗಿ ಹೇಳ್ತೀನಿ.

ಅದಕ್ಕೂ ಮುಂಚೆ ನನ್ನ ಒಂದು ತಪ್ಪು ಹೇಳ್ಕೊಂಡ್ಬಿಡ್ತೀನಿ. ನಾನು ಸೇಫ್ಟಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಫ್ಯಾಕ್ಟರೀಲಿ ಆಯುಧಪೂಜೆ ಹಿಂದಿನ ದಿನ ಮಷೀನ್ ತೊಳೆಯೋ ಕೆಲಸ ನಡೀತಿತ್ತು, ಒಬ್ಬ ಹುಡುಗ ಕಾಟನ್ ವೇಸ್ಟ್ ಹಿಡ್ಕೊಂಡು ತಿರುಗ್ತಿರೋ ಚೈನ್ ಒರೆಸೋಕೆ ಹೋದ, ವೇಸ್ಟ್ ಜೊತೆ ಎರಡು ಬೆರಳೂ ಸ್ಪ್ರಾಕೆಟ್ ಒಳಗೆ ಹೋಯ್ತು. ನಾನು ರಿಪೋರ್ಟಲ್ಲಿ ಏನ್ ಬರೆದೆ ಗೊತ್ತಾ, "ಆಪರೇಟರ್ ನಿರ್ಲಕ್ಷ್ಯ". ಎರಡೇ ಪದ, ಸೈನ್ ಹಾಕಿ ಫೈಲಿಗೆ ಸೇರಿಸ್ದೆ. ಆ ಚೈನಿಗೆ ಮೇಲೊಂದು ತಗಡಿನ ಕವರ್ ಇತ್ತು, ಅದನ್ನ ಯಾರೋ ಗ್ರೀಸ್ ಹಾಕೋಕ್ ಬಿಚ್ಚಿ ಗೋಡೆಗೆ ಒರಗಿಸಿ ಎಷ್ಟೋ ತಿಂಗಳಾಗಿತ್ತು, ನಾನೇ ದಿನಾ ಅದರ ಪಕ್ಕ ಓಡಾಡ್ತಿದ್ದೆ. ಕವರ್ ಹಾಕೋಕ್ ಬೇಕಾಗಿದ್ದು ನಾಲ್ಕು ಬೋಲ್ಟು. ಅವತ್ತಿಂದ ಆ ಎರಡು ಪದ ಬರೆಯೋಕೆ ಕೈ ಬರಲ್ಲ ನಂಗೆ. ಹುಡುಗ್ರು ಹುಷಾರಾಗಿಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಕೇಳೋದು, ಹುಷಾರು ತಪ್ಪಿದವನ ಬೆರಳೂ ಉಳಿಯೋ ಹಂಗೆ ನಿಮ್ಮ ಮಷೀನ್ ಇದೆಯಾ ಅಂತ. ನಾವು ಹೊಲಕ್ಕೆ ಬೇಲಿ ಹಾಕ್ತೀವಿ, ಮೇಕೆ ಓದ್ಕೊಳ್ಲಿ ಅಂತ ಬೋರ್ಡ್ ನೆಡಲ್ಲ. (ಹುಡುಗ್ರನ್ನ ಮೇಕೆ ಅಂತಿಲ್ಲ, ಬೇಲಿ ಬಗ್ಗೆ ಹೇಳ್ತಿದೀನಿ.) 2025ರ ನವೆಂಬರ್ ತನಕ ಜಾರಿಯಲ್ಲಿದ್ದ 1948ರ ಫ್ಯಾಕ್ಟರೀಸ್ ಆಕ್ಟಿನ 21ನೇ ಸೆಕ್ಷನ್ನೇ ಬೇಲಿ ಬಗ್ಗೆ ಇತ್ತು, ಅಪಾಯದ ಭಾಗಕ್ಕೆ ಗಟ್ಟಿಮುಟ್ಟಾದ ಗಾರ್ಡ್ ಇರ್ಬೇಕು, ಮಷೀನ್ ಓಡ್ತಿರುವಾಗ ಅದು ಅಲ್ಲೇ ಇರ್ಬೇಕು ಅಂತ. ಬೋರ್ಡ್ ಹಾಕಿದ್ರೆ ಸಾಕು ಅಂತ ಅದರಲ್ಲಿ ಎಲ್ಲೂ ಇರ್ಲಿಲ್ಲ.

ಈಗ ಮೊದಲನೇ ಬೆರಳು. ಪೆಡಲ್ ಒಂದ್ಸಲ ತುಳಿದೆ ಎರಡು ಸಲ ಬಂತು ಅಂದ ಹುಡುಗನ್ನ ದಯವಿಟ್ಟು ನಂಬಿ. ಪ್ರೆಸ್ ಲೈನಲ್ಲಿ ಇರೋರಿಗೆಲ್ಲ ಗೊತ್ತಿರೋ ಕಾಯಿಲೆ ಇದು, ಡಬಲ್ ಸ್ಟ್ರೋಕ್ ಅಂತಾರೆ. ನಿಮ್ಮ ಪ್ರೆಸ್ಸುಗಳು ಹಳೇ ಸಿ ಫ್ರೇಮ್ ಪ್ರೆಸ್ಸೇ ಆಗಿದ್ರೆ ಒಳಗೆ ಇರೋದು ಕೀ ಕ್ಲಚ್ಚು ಅಥವಾ ಪಿನ್ ಕ್ಲಚ್ಚು. ಫ್ಲೈವೀಲ್, ಅಂದ್ರೆ ಭಾರದ ಚಕ್ರ, ಸದಾ ತಿರುಗ್ತಾ ಇರುತ್ತೆ, ಪೆಡಲ್ ತುಳಿದಾಗ ಟ್ರಿಪ್ಪು (ಕೀಯನ್ನ ತಡೆದು ಹಿಡಿದಿರೋ ತುಂಡು) ಸರಿದು ಕೀ ಹೋಗಿ ಫ್ಲೈವೀಲಲ್ಲಿ ಕೊರೆದಿರೋ ಕಚ್ಚಿಗೆ ಕೂರುತ್ತೆ, ಕ್ರ್ಯಾಂಕು (ಪ್ರೆಸ್ಸನ್ನ ಇಳಿಸಿ ಏರಿಸೋ ಶಾಫ್ಟು) ಒಂದು ಸುತ್ತು ಬಂದು ಮೇಲೆ ಬಂದಾಗ ಟ್ರಿಪ್ಪು ಅಡ್ಡ ಬಂದು ಕೀ ಬಿಡಿಸ್ಬೇಕು, ಬ್ರೇಕು ಕ್ರ್ಯಾಂಕನ್ನ ಮೇಲೇ ಹಿಡ್ಕೋಬೇಕು. ಟ್ರಿಪ್ಪಿನ ಮೂಲೆ ಸವೆದು ಗುಂಡಾಗಿದ್ರೆ, ಸ್ಪ್ರಿಂಗ್ ಸೋತಿದ್ರೆ ಅಥವಾ ಮುರಿದಿದ್ರೆ, ಬ್ರೇಕ್ ಲೈನರ್ ಆಯಿಲ್ ಕುಡಿದಿದ್ರೆ, ಕೀ ಬಿಡಿಸ್ಕೊಳಲ್ಲ ಇಲ್ಲಾ ಬ್ರೇಕ್ ಹಿಡಿಯಲ್ಲ, ಪ್ರೆಸ್ ನಿಲ್ದೆ ಇನ್ನೊಂದು ಸಲ ಇಳಿಯುತ್ತೆ. ಅಷ್ಟೊತ್ತಿಗೆ ಆಪರೇಟರ್ ಪಾಪ ಪೀಸ್ ತೆಗೆಯೋಕೆ ಕೈ ಹಾಕಿರ್ತಾನೆ, ಯಾಕಂದ್ರೆ ದಿನಕ್ಕೆ ಸಾವಿರಾರು ಸಲ ಅದು ನಿಂತಿದೆ, ಅವನ ಕೈಗೆ ಅದೇ ತಾಳ ಅಭ್ಯಾಸ ಆಗಿದೆ.

ಹಂಗಾಗಿ ಇವತ್ತೇ ಮಾಡ್ಬೇಕಾದ ಕೆಲಸ, ಆ ಪ್ರೆಸ್ ನಿಲ್ಸಿ. ಮೇಂಟೆನೆನ್ಸ್‌ನವರ ಹತ್ರ ಸೈಡ್ ಕವರ್ ಬಿಚ್ಚಿಸಿ ಟ್ರಿಪ್ಪು, ಕೀ, ಸ್ಪ್ರಿಂಗು, ಬ್ರೇಕ್ ಲೈನರು ನಾಲ್ಕೂ ನೋಡಿ. ಸ್ಪ್ರಿಂಗ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ, ಎಳೆಯೋ ಸ್ಪ್ರಿಂಗ್ ಮುರಿದ್ರೆ ಕೆಲಸ ಪೂರ್ತಿ ಕೈ ಬಿಡುತ್ತೆ, ಒತ್ತೋ ಸ್ಪ್ರಿಂಗ್ ಒಳಗೆ ಗೈಡ್ ರಾಡ್ ಇದ್ದು ಅದು ಮುರಿದ್ರೂ ತುಂಡುಗಳು ಒಂದಕ್ಕೊಂದು ಒತ್ಕೊಂಡೇ ಇರುತ್ತೆ, ಸ್ವಲ್ಪ ಹೊತ್ತಾದ್ರೂ ಕೆಲಸ ಮಾಡುತ್ತೆ. ಟ್ರಿಪ್ಪಿಗೆ ಒತ್ತೋ ಸ್ಪ್ರಿಂಗೇ ಹಾಕ್ಸಿ. ಅದರ ಜೊತೆ ಸಿಂಗಲ್ ಸ್ಟ್ರೋಕ್ ಅಟ್ಯಾಚ್‌ಮೆಂಟ್, ಅಂದ್ರೆ ಪೆಡಲ್ ಒತ್ತಿಟ್ಕೊಂಡೇ ಇದ್ರೂ ಒಂದು ಸಲಕ್ಕಿಂತ ಜಾಸ್ತಿ ಇಳಿಯದ ಹಂಗೆ ಮಾಡೋ ಭಾಗ, ಅದು ಇದೆಯಾ, ಇದ್ರೆ ಯಾರಾದ್ರೂ ಕಟ್ಟಿ ಹಾಕಿದಾರಾ ನೋಡಿ. ಈ ಚೆಕ್ಕು ವಾರಕ್ಕೊಂದು ಸಲ, ಎಲ್ಲಾ ಪ್ರೆಸ್ಸಿಗೂ, ಒಂದು ನೋಟ್‌ಬುಕ್ಕಲ್ಲಿ ಸೈನ್ ಸಮೇತ. ಮತ್ತೆ ಆಪರೇಟರಿಗೆ ಹೇಳಿಡಿ, ಒಂದೇ ಒಂದ್ಸಲ ಎರಡು ಸ್ಟ್ರೋಕ್ ಬಂದ್ರೂ ಸಾಕು, ಮೋಟರ್ ಆಫ್ ಮಾಡಿ ಬಂದು ಹೇಳ್ಬೇಕು, ಅದಕ್ಕೆ ಯಾರೂ ಬೈಯಲ್ಲ, ಪ್ರೊಡಕ್ಷನ್ ಕಟ್ ಮಾಡಲ್ಲ ಅಂತ. ಆ ಕೊನೇ ಮಾತು ನೀವು ಹೇಳಿದ್ರೆ ಸಾಲದು, ಓನರ್ರೇ ಹೇಳ್ಬೇಕು.

ಈಗ ಲೈಟ್ ಕರ್ಟನ್. ಆ ಸೇಲ್ಸ್‌ನವರಿಗೆ ಒಂದೇ ಪ್ರಶ್ನೆ ಕೇಳಿ, "ನಮ್ಮ ಪ್ರೆಸ್ಸಿನ ಕ್ಲಚ್ ಯಾವುದು ನೋಡಿದ್ರಾ?" ನೋಡಿಲ್ಲ ಅಂದ್ರೆ ಟೀ ಕೊಟ್ಟು ಕಳ್ಸಿ. ಲೈಟ್ ಕರ್ಟನ್ ಕೈ ಅಡ್ಡ ಬಂತು ಅಂತ ಹೇಳ್ಬೋದು ಅಷ್ಟೇ, ನಿಲ್ಸೋದು ಪ್ರೆಸ್ಸಿನ ಕೆಲಸ. ಕೀ ಕ್ಲಚ್ಚಿನ ಪ್ರೆಸ್ಸು ಒಂದ್ಸಲ ಕೀ ಕೂತ ಮೇಲೆ ಮಧ್ಯದಲ್ಲಿ ನಿಲ್ಲಲ್ಲ, ಪೂರ್ತಿ ಒಂದು ಸುತ್ತು ಬಂದೇ ಬರುತ್ತೆ, ದೇವ್ರು ಬಂದು ಅಡ್ಡ ನಿಂತ್ರೂ ಅಷ್ಟೇ. ಅಂಥ ಪ್ರೆಸ್ಸಿಗೆ ಕರ್ಟನ್ ಹಾಕ್ಸಿದ್ರೆ ಕೆಂಪು ಲೈಟ್ ಹತ್ತುತ್ತೆ, ಬೆರಳೂ ಹೋಗುತ್ತೆ. ಇನ್ನೂ ಕೆಟ್ಟದ್ದು ಏನಂದ್ರೆ ಕರ್ಟನ್ ಇದೆ ಅನ್ನೋ ಧೈರ್ಯದಲ್ಲಿ ಹುಡುಗ್ರು ಕೈ ಇನ್ನೂ ಒಳಗೆ ಹಾಕ್ತಾರೆ.

ಕೆಲವ್ರು ಹಂಗಾದ್ರೆ ಎರಡು ಕೈ ಬಟನ್ ಹಾಕ್ಸಣ ಅಂತಾರೆ. ಅದರ ಲೆಕ್ಕ ನೋಡಿ. ಕೈ ಓಡೋ ಸ್ಪೀಡು ಸೆಕೆಂಡಿಗೆ 1.6 ಮೀಟರ್ ಅಂತ ಸ್ಟ್ಯಾಂಡರ್ಡ್‌ಗಳಲ್ಲಿ ಹಿಡಿಯೋದು. ನಿಮ್ಮ ಪ್ರೆಸ್ಸು ನಿಮಿಷಕ್ಕೆ 60 ಸ್ಟ್ರೋಕು ಅಂದ್ಕೊಳ್ಳಿ, ಒಂದು ಸುತ್ತಿಗೆ ಒಂದು ಸೆಕೆಂಡು. ಬಟನ್ ಒತ್ತಿದ ಗಳಿಗೇಲಿ ಫ್ಲೈವೀಲಿನ ಕಚ್ಚು ಆಗಷ್ಟೇ ದಾಟಿ ಹೋಗಿದ್ರೆ ಕೀ ಇನ್ನೊಂದು ಪೂರ್ತಿ ಸುತ್ತು ಕಾಯ್ಬೇಕು, ಆಮೇಲೆ ಕೆಳಗಿಳಿಯೋಕೆ ಅರ್ಧ ಸುತ್ತು, ಒಟ್ಟು ಒಂದೂವರೆ ಸೆಕೆಂಡು. ಅಷ್ಟರಲ್ಲಿ ಕೈ 2.4 ಮೀಟರ್ ಹೋಗಿ ಬಿಡ್ಬೋದು. ಅಂದ್ರೆ ಬಟನ್ನು ಡೈಯಿಂದ 2.4 ಮೀಟರ್ ದೂರ ಇರ್ಬೇಕು. ಯಾವ ಶಾಪಲ್ಲಿ ಹಂಗೆ ಇಟ್ಟು ಪೀಸ್ ಹೊಡೀತಾರೆ ಹೇಳಿ. ನಾನು ನೋಡಿರೋ ಕಡೆ ಎಲ್ಲಾ ಬಟನ್ನು ಪ್ರೆಸ್ಸಿನ ಮೈ ಮೇಲೇ ಇರುತ್ತೆ, ಒಂದು ಬಟನ್ನಿಗೆ ಬೆಂಕಿಪೊಟ್ಟಣದ ಕಡ್ಡಿ ಚುಚ್ಚಿ ಒಂದೇ ಕೈಲಿ ನಡೆಸ್ತಿರ್ತಾರೆ.

ಏರ್ ಕ್ಲಚ್ಚಿನ, ಅಂದ್ರೆ ಗಾಳಿ ಒತ್ತಡದಲ್ಲಿ ಕೆಲಸ ಮಾಡೋ ಕ್ಲಚ್ಚಿನ ಪ್ರೆಸ್ಸಾದ್ರೆ ಮಾತು ಬೇರೆ, ಅದು ಮಧ್ಯದಲ್ಲಿ ನಿಲ್ಲುತ್ತೆ. ಕಾಲು ಸೆಕೆಂಡಲ್ಲಿ ನಿಲ್ಲೋ ಪ್ರೆಸ್ಸಿಗೆ ಅದೇ ಲೆಕ್ಕದಲ್ಲಿ 40 ಸೆಂಟಿಮೀಟರ್ ದೂರ ಬರುತ್ತೆ, ಅದರ ಮೇಲೆ ಕರ್ಟನ್ನಿನ ಮಾಡೆಲ್ ನೋಡ್ಕೊಂಡು ಇನ್ನೂ ಸೇರಿಸ್ಬೇಕು. ಅಲ್ಲಿ ಲೈಟ್ ಕರ್ಟನ್ನೂ ಸರಿ, ಎರಡು ಕೈ ಬಟನ್ನೂ ಸರಿ. ಬಟನ್ ಎರಡನ್ನೂ ಅರ್ಧ ಸೆಕೆಂಡ್ ಒಳಗೆ ಒಟ್ಟಿಗೆ ಒತ್ತಿದ್ರೆ ಮಾತ್ರ ಕೆಲಸ ಮಾಡ್ಬೇಕು, ಎರಡನ್ನೂ ಬಿಟ್ಟು ಒತ್ತಿದ್ರೆನೇ ಮುಂದಿನ ಸ್ಟ್ರೋಕು, ಆಗ ಕಡ್ಡಿ ಚುಚ್ಚೋ ಆಟ ನಡೆಯಲ್ಲ. ಬ್ರೇಕ್ ಸವೆದ ಹಾಗೆ ನಿಲ್ಲೋ ಟೈಮ್ ಜಾಸ್ತಿ ಆಗ್ತಾ ಹೋಗುತ್ತೆ, ಅದನ್ನ ಆಗಾಗ ಅಳೆಸ್ಬೇಕು. ಆದ್ರೆ ಎರಡು ಕೈ ಬಟನ್ ಕಾಯೋದು ಬಟನ್ ಒತ್ತೋನ ಕೈಯನ್ನ ಮಾತ್ರ, ಪಕ್ಕದಲ್ಲಿ ನಿಂತು ಪೀಸ್ ತೆಗೆದುಕೊಡೋ ಹೆಲ್ಪರ್ ಕೈಯನ್ನಲ್ಲ, ಇದನ್ನ ಮರೀಬೇಡಿ.

ಹಂಗಾದ್ರೆ ಕೀ ಕ್ಲಚ್ ಪ್ರೆಸ್ಸಿಗೆ ಏನು? ಬೇಲಿ. ಡೈ ಸುತ್ತ ಕಬ್ಬಿಣದ ಸರಳಿಂದನೋ ಪಾಲಿಕಾರ್ಬೊನೇಟ್ ಶೀಟಿಂದನೋ ಮಾಡಿದ ಗೂಡು, ಪೀಸ್ ಹೋಗೋಕೆ ಮಾತ್ರ ಸಂದು. ಸಂದು ಎಷ್ಟಿರ್ಬೇಕು ಅನ್ನೋದಕ್ಕೂ ಲೆಕ್ಕ ಇದೆ. ಸಂದು 6 ಎಂಎಂ ಒಳಗಿದ್ರೆ ಗಾರ್ಡನ್ನ ಡೈಗೆ 10 ಎಂಎಂ ಹತ್ರ ತನಕ ತರ್ಬೋದು, 12 ಎಂಎಂ ಸಂದು ಬೇಕು ಅಂದ್ರೆ ಗಾರ್ಡ್ 100 ಎಂಎಂ ಹಿಂದಿರ್ಬೇಕು, 20 ಎಂಎಂ ಅಂದ್ರೆ 120. ಯಾಕಂದ್ರೆ ಸಂದು ದೊಡ್ಡದಾದಷ್ಟೂ ಬೆರಳು ಒಳಗೆ ಹೋಗೋ ಉದ್ದ ಜಾಸ್ತಿ. ಬ್ಲ್ಯಾಂಕಿಂಗ್, ಅಂದ್ರೆ ಉದ್ದ ಪಟ್ಟಿ ಒಳಗೆ ತಳ್ಳಿ ಪೀಸ್ ಕತ್ತರಿಸೋ ಕೆಲಸಕ್ಕೆ ಇದು ಸುಲಭ, ನಿಮ್ಮ ವೆಲ್ಡಿಂಗ್ ಸೆಕ್ಷನ್ನಿನವರೇ ಒಂದು ಭಾನುವಾರ ಕೂತು ಮಾಡಿಕೊಡ್ತಾರೆ, ಖರ್ಚು ಸ್ಕ್ರ್ಯಾಪಿಗೆ ಹೋಗೋ ಸರಳು. ಕಷ್ಟ ಇರೋದು ಒಂದೊಂದೇ ಪೀಸ್ ಕೈಲಿ ಇಡೋ ಸೆಕೆಂಡ್ ಆಪರೇಷನ್ನಿಗೆ, ಬೆಂಡಿಂಗು, ಪಿಯರ್ಸಿಂಗು (ತೂತು ಹೊಡೆಯೋದು) ಇಂಥದ್ದು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪ್ಲೇಟ್ ಅಷ್ಟಗಲ ಪೀಸ್ ಆದ್ರೆ ಅಂಚು ಹಿಡ್ಕೊಂಡು ಇಡ್ಬೋದು, ಕೈ ದೂರ ಇರುತ್ತೆ. ಎರಡು ರೂಪಾಯಿ ನಾಣ್ಯದಷ್ಟಿರೋ ವಾಷರ್ ಆದ್ರೆ ಬೆರಳು ಪಂಚಿನ ಕೆಳಗೇ ಹೋಗ್ಬೇಕು. ಅಲ್ಲಿ ಡೈಯನ್ನೇ ಬದಲಾಯಿಸ್ಬೇಕು. ಪೀಸನ್ನ ಹೊರಗೆ ಒಂದು ಜಾರುಪ್ಲೇಟ್ ಮೇಲಿಟ್ಟು ಒಳಗೆ ತಳ್ಳೋ ತರ ಮಾಡಿ, ಇಲ್ಲಾ ಮೇಲಿಂದ ಒಂದು ಇಳಿಜಾರು ಚೂಟಲ್ಲಿ ಒಂದೊಂದೇ ಜಾರಿ ಬರೋ ಹಂಗೆ ಮಾಡಿ. ಎರಡೂ ಆಗಲ್ಲ ಅಂದ್ರೆ ಕೊನೇಗೆ ಇಕ್ಕಳ, ಮ್ಯಾಗ್ನೆಟ್ ಕಡ್ಡಿ.

ಇಕ್ಕಳದ ಬಗ್ಗೆ ಒಂದು ಮಾತು. ಎಷ್ಟೋ ಕಡೆ ಇಕ್ಕಳ ಕೊಟ್ಟಿರ್ತಾರೆ, ಯಾರೂ ಮುಟ್ಟಲ್ಲ, ಕೇಳಿದ್ರೆ ಹುಡುಗ್ರು ಸೋಮಾರಿಗಳು ಅಂತಾರೆ. ನಾನು ಒಬ್ಬನ್ನ ಪಕ್ಕ ಕೂರ್ಸಿ ಕೇಳಿದ್ದಕ್ಕೆ ಅವನು ಹೇಳಿದ್ದು, ಸ್ಟೀಲ್ ಇಕ್ಕಳ ಡೈ ಮಧ್ಯೆ ಸಿಕ್ಕಾಕ್ಕೊಂಡ್ರೆ ಡೈ ಒಡೆಯುತ್ತೆ, ಡೈ ಒಡೆದ್ರೆ ನನ್ನ ಸಂಬಳ ಹಿಡೀತಾರೆ ಅಂತ. ಅವನ ಲೆಕ್ಕದಲ್ಲಿ ಬೆರಳಿಗಿಂತ ಡೈಗೆ ರೇಟ್ ಜಾಸ್ತಿ. ಅವನಿಗೆ ಅದನ್ನ ಕಲಿಸಿದ್ದು ನಾವೇ ಅಲ್ವಾ. ಅಲ್ಯೂಮಿನಿಯಂ ಇಕ್ಕಳ ಮಾಡಿಸ್ಕೊಡಿ, ಸಿಕ್ಕಾಕ್ಕೊಂಡ್ರೆ ಅದು ಅಪ್ಪಚ್ಚಿ ಆಗುತ್ತೆ, ಡೈಗೆ ಏನೂ ಆಗಲ್ಲ.

ಪೆಡಲ್ ಮೇಲೆ ಒಂದು ತಗಡಿನ ಗೂಡು ಇದೆಯಾ ನೋಡಿ. ಇಲ್ಲ ಅಂದ್ರೆ ಮೇಲಿಂದ ಒಂದು ಪೀಸ್ ಬಿದ್ರೂ ಪ್ರೆಸ್ ಇಳಿಯುತ್ತೆ.

ಎರಡನೇ ಬೆರಳು, ಸಿಕ್ಕಾಕ್ಕೊಂಡ ಪೀಸು. ನೀವು ಗಮನಿಸಿ ನೋಡಿ, ಮಾಮೂಲಿ ಪೀಸ್ ಹೊಡಿಯೋವಾಗ ಮಾತ್ರ ಅಲ್ಲ, ಈ "ಒಂದೇ ನಿಮಿಷ" ಕೆಲಸದಲ್ಲಿ ಆಗೋ ಏಟೂ ಕಮ್ಮಿ ಏನಲ್ಲ. ಪೀಸ್ ಸಿಕ್ಕಾಕ್ಕೊಂತು, ಬೆಲ್ಟ್ ಜಾರ್ತು, ಸ್ಕ್ರ್ಯಾಪ್ ತುಂಬ್ಕೊಂತು, ಒರೆಸ್ಬೇಕು, ಆಯಿಲ್ ಹಾಕ್ಬೇಕು. ಮೋಟರ್ ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಮಾಡ್ಬೇಕು, ಟಾರ್ಗೆಟ್ ಹಿಂದೆ ಬೀಳುತ್ತೆ, ಕೈ ಹಾಕಿ ಎಳ್ಕೊಂಡ್ಬಿಡಣ ಅಂತ. ಇನ್ನು ಕೆಲವ್ರು ಪಾಪ ಮೋಟರ್ ಆಫ್ ಮಾಡೇ ಕೈ ಹಾಕ್ತಾರೆ, ಆದ್ರೆ ಫ್ಲೈವೀಲ್ ಅಷ್ಟು ಭಾರ ಇದ್ದು ಆಫ್ ಮಾಡಿದ ಮೇಲೂ ಎಷ್ಟೋ ಹೊತ್ತು ಸುತ್ತುತ್ತಾ ಇರುತ್ತೆ, ಅದರಲ್ಲಿ ಒಂದು ಸ್ಟ್ರೋಕಿಗೆ ಬೇಕಾದ ಶಕ್ತಿ ಇದ್ದೇ ಇರುತ್ತೆ. ಆಫ್ ಅಂದ್ರೆ ಸತ್ತಿದೆ ಅಂತ ಅಲ್ಲ. ಫ್ಲೈವೀಲ್ ಕಣ್ಣಿಗೆ ಕಾಣೋ ಹಂಗೆ ನಿಲ್ಬೇಕು, ಆಮೇಲೆ ಸೇಫ್ಟಿ ಬ್ಲಾಕು, ಅಂದ್ರೆ ರ್ಯಾಮ್ (ಪ್ರೆಸ್ಸಲ್ಲಿ ಮೇಲೆ ಕೆಳಗೆ ಆಡೋ ಭಾಗ) ಕೆಳಗೆ ಇಡೋ ಗಟ್ಟಿ ದಿಮ್ಮಿ, ಅದನ್ನ ಇಟ್ಟು, ಆಮೇಲೆ ಕೈ. ಆ ಬ್ಲಾಕನ್ನ ಚೈನ್ ಹಾಕಿ ಪ್ರೆಸ್ಸಿಗೇ ಕಟ್ಟಿಡಿ, ಹಳದಿ ಬಣ್ಣ ಬಳೀರಿ. ಟೂಲ್ ರೂಮಲ್ಲಿ ಇಟ್ರೆ ಯಾರೂ ಹೋಗಿ ತರಲ್ಲ, ನಾನೂ ತರಲ್ಲ, ನೀವೂ ತರಲ್ಲ. ಮತ್ತೆ ದಿನಕ್ಕೆ ನಾಲ್ಕು ಸಲ ಪೀಸ್ ಸಿಕ್ಕಾಕ್ಕೊಳ್ತಿದೆ ಅಂದ್ರೆ ಅದು ಆಪರೇಟರ್ ತಪ್ಪಲ್ಲ, ಪೀಸನ್ನ ಡೈಯಿಂದ ಬಿಡಿಸೋ ಸ್ಟ್ರಿಪ್ಪರೋ ನಾಕೌಟೋ ಸರಿಯಿಲ್ಲ, ಟೂಲ್ ರೂಮಿಗೆ ಕಳ್ಸಿ. ಸಿಕ್ಕಾಕ್ಕೊಳ್ದೇ ಇದ್ರೆ ಕೈ ಹಾಕೋ ಪ್ರಶ್ನೆನೇ ಬರಲ್ಲ.

ಮೂರನೇದು ಡೈ ಸೆಟ್ಟಿಂಗು. ಇಲ್ಲಿ ಏನಾಗಿರುತ್ತೆ ಅಂತ ನಾನು ಊಹೆ ಮಾಡ್ಬಲ್ಲೆ, ಇಬ್ಬರು ಇರ್ತಾರೆ. ಸೆಟ್ಟರ್ ಬಗ್ಗಿ ಬೋಲ್ಟ್ ಟೈಟ್ ಮಾಡ್ತಿರ್ತಾನೆ, ಇನ್ನೊಬ್ಬ "ಆಯ್ತಾ ಭಯ್ಯಾ" ಅಂತಾನೆ, ಇವನು "ಹಾಂ" ಅಂದಿದ್ದು ಬೇರೆ ಏನಕ್ಕೋ, ಅವನು ಪೆಡಲ್ ತುಳೀತಾನೆ. ಒಬ್ಬ ಕನ್ನಡ, ಒಬ್ಬ ಒಡಿಯಾ, ಮಧ್ಯೆ ಕಂಪ್ರೆಸರ್ ಗಲಾಟೆ. ಮಾತಿನ ಮೇಲೆ ಬೆರಳು ಇಡೋ ವ್ಯವಸ್ಥೆ ಇದು. ಇದಕ್ಕೆ ಮದ್ದು ಬೀಗ. ತಮಾಷೆ ಅಲ್ಲ, ನಿಜವಾದ ಬೀಗ. ಪ್ರತಿ ಸೆಟ್ಟರಿಗೆ, ಪ್ರತಿ ಮೇಂಟೆನೆನ್ಸ್ ಹುಡುಗನಿಗೆ ಒಂದೊಂದು ಬೀಗ, ಒಂದೇ ಕೀ, ಮೇಲೆ ಅವನ ಫೋಟೋ. ಪ್ರೆಸ್ಸಿನ ಮೈನ್ ಸ್ವಿಚ್ ಆಫ್ ಮಾಡಿ ಬೀಗ ಜಡಿದು ಕೀ ಜೇಬಿಗೆ ಹಾಕ್ಕೊಂಡು, ಆಮೇಲೆ ಸ್ಟಾರ್ಟ್ ಬಟನ್ ಒತ್ತಿ ನೋಡ್ಬೇಕು, ಸ್ಟಾರ್ಟ್ ಆಗಲ್ಲ ಅಂತ ಗ್ಯಾರಂಟಿ ಮಾಡ್ಕೊಂಡು ಕೈ ಹಾಕ್ಬೇಕು. ಈ ಒತ್ತಿ ನೋಡೋದು ಮುಖ್ಯ, ಯಾಕಂದ್ರೆ ಪ್ಯಾನಲ್ಲಲ್ಲಿ 4ನೇ ನಂಬರ್ ಅಂತ ಬರೆದಿರೋ ಸ್ವಿಚ್ಚು 5ನೇ ಪ್ರೆಸ್ಸಿಂದಾಗಿರೋದು ನಾನೇ ನೋಡಿದೀನಿ. ಇಬ್ಬರು ಕೆಲಸ ಮಾಡ್ತಿದ್ರೆ ಎರಡು ಬೀಗ. ಏರ್ ಲೈನ್ ಇದ್ರೆ ಗಾಳಿ ಪೂರ್ತಿ ಬಿಟ್ಟು ಅದಕ್ಕೂ ಬೀಗ. ಸ್ವಿಚ್ಚಿಗೆ, ಎಂಸಿಬಿಗೆ ಹಾಕೋ ಲಾಕಿಂಗ್ ಕ್ಲಿಪ್ಪುಗಳು ಬರುತ್ತೆ, ಒಂದು ಲೈಟ್ ಕರ್ಟನ್ನಿನ ದುಡ್ಡಲ್ಲಿ ನಿಮ್ಮ ಇಡೀ ಶಾಪಿಗೆ ಆಗುತ್ತೆ.

ಡೈ ಹೊಂದಿಸೋಕೆ ರ್ಯಾಮ್ ಇಳಿಸ್ಬೇಕಲ್ಲ ಅಂತ ನೀವು ಕೇಳ್ತೀರ. ಮೋಟರ್ ಆಫಲ್ಲೇ ಇಟ್ಟು, ಫ್ಲೈವೀಲನ್ನ ಬಾರ್ ಹಾಕಿ ಕೈಲೇ ತಿರುಗಿಸ್ಬೇಕು. ಅದರಲ್ಲೂ ಒಂದು ಯಮಲೋಕದ ದಾರಿ ಇದೆ, ಬಾರನ್ನ ಫ್ಲೈವೀಲಲ್ಲೇ ಮರೆತು ಮೋಟರ್ ಆನ್ ಮಾಡೋದು. ಬಾರ್ ಬಾಣದ ತರ ಬರುತ್ತೆ. ತೂತಿನ ತಳಕ್ಕೆ ತಾಗೋ ಕಡೆ ಸ್ಪ್ರಿಂಗ್ ಇರೋ ಬಾರ್ ಮಾಡಿಸಿ, ಕೈ ಬಿಟ್ಟ ತಕ್ಷಣ ತಾನೇ ಆಚೆ ಬೀಳುತ್ತೆ.

ಗ್ಲೌಸ್ ಕೊಟ್ಟಿದೀವಿ ಅಂದ್ರಿ. ಶೀಟ್ ಎತ್ತೋಕೆ, ಶಿಯರಿಂಗಲ್ಲಿ ಅಂಚು ಕುಯ್ಯದ ಹಂಗೆ, ಕಟ್ ರೆಸಿಸ್ಟೆಂಟ್ ಗ್ಲೌಸು ಒಳ್ಳೇದೇ. ಆದ್ರೆ 50 ಟನ್ ಪ್ರೆಸ್ಸಿಗೆ ಗ್ಲೌಸು ಕಾಣ್ಸೋದೇ ಇಲ್ಲ. ಡ್ರಿಲ್ಲಿಂಗ್ ಮಷೀನ್ ಹತ್ರ ಅಂತೂ ಗ್ಲೌಸ್ ಹಾಕ್ಲೇಬಾರ್ದು, ಇದನ್ನ ಹೇಳಿದ್ರೆ ತುಂಬ ಜನಕ್ಕೆ ಆಶ್ಚರ್ಯ. ತಿರುಗ್ತಿರೋ ಬಿಟ್ಟಿಗೆ ಗ್ಲೌಸಿನ ಒಂದು ದಾರ ಸಿಕ್ಕಿದ್ರೆ ಸಾಕು ಕೈಯನ್ನೇ ಸುತ್ತಿಕೊಂಡು ಹೋಗುತ್ತೆ. ಕೊರಳಲ್ಲಿರೋ ಐಡಿ ಕಾರ್ಡ್ ಟ್ಯಾಗು, ಕೈಗೆ ಕಟ್ಟಿರೋ ದೇವಸ್ಥಾನದ ದಾರ, ಉಂಗುರ, ಬಿಚ್ಚಿದ ತೋಳಿನ ಬಟನ್ನು, ಎಲ್ಲ ಅದೇ ಸಾಲಿಗೆ. ದಾರ ಬಿಚ್ಚು ಅಂದ್ರೆ ಬೇಜಾರಾಗ್ತಾರೆ, ಭಕ್ತಿ ವಿಷಯ, ಹಂಗಾಗಿ ನಾನು ಬಿಚ್ಚು ಅನ್ನಲ್ಲ, ತೋಳಿಗೆ ಮೇಲೆ ಕಟ್ಕೊಂಡು ಶರ್ಟ್ ಒಳಗೆ ಮುಚ್ಕೋ ಅಂತೀನಿ, ಒಪ್ತಾರೆ. ಡ್ರಿಲ್ಲಲ್ಲಿ ಪೀಸನ್ನ ಕೈಲಿ ಹಿಡೀಬೇಡಿ, ವೈಸಿಗೆ ಕಟ್ಟಿ.

ವೆಲ್ಡಿಂಗ್ ಸೆಕ್ಷನ್ನಲ್ಲಿ ಹ್ಯಾಂಡ್ ಗ್ರೈಂಡರ್ ಇರುತ್ತಲ್ಲ, ಅದರ ಗಾರ್ಡ್ ಬಿಚ್ಚಿ ದೊಡ್ಡ ಚಕ್ರ ಹಾಕೋದು, ಮರ ಕುಯ್ಯೋ ಬ್ಲೇಡ್ ಹಾಕೋದು ಇದ್ರೆ ಇವತ್ತೇ ನಿಲ್ಸಿ. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ 11 ಸಾವಿರ ಸುತ್ತಿನ ಆಸುಪಾಸು ತಿರುಗುತ್ತೆ, ಡಿಸ್ಕ್ ಒಡೆದ್ರೆ ಮುಖಕ್ಕೇ. ಡಿಸ್ಕಿನ ನಡುವಿನ ಲೋಹದ ಬಳೆ ಮೇಲೆ ಎಕ್ಸ್‌ಪೈರಿ ತಾರೀಖು ಇರುತ್ತೆ, ನೂರರಲ್ಲಿ ತೊಂಬತ್ತು ಜನ ನೋಡಿರಲ್ಲ, ನೋಡಿ. ಬೆಂಚ್ ಗ್ರೈಂಡರಲ್ಲಿ ಟೂಲ್ ರೆಸ್ಟಿಗೂ ಕಲ್ಲಿಗೂ 3 ಎಂಎಂಗಿಂತ ಜಾಸ್ತಿ ಸಂದು ಬೇಡ. ಕರೆಂಟಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕಾದ್ರೆ ಲೈನ್ ಕಟ್ ಮಾಡೋ ಸ್ವಿಚ್ಚು) ಹಾಕ್ಸಿ, ವಿಶೇಷವಾಗಿ ಕೈಲಿ ಹಿಡಿಯೋ ಮಷೀನುಗಳ ಲೈನಿಗೆ, ಮಳೆಗಾಲದಲ್ಲಿ ನೆಲ ಒದ್ದೆ ಇರುವಾಗ ಅದೇ ಜೀವ ಉಳಿಸೋದು. ಶಬ್ದದ ವಿಷಯಕ್ಕೆ, ಎಂಟು ಗಂಟೆ ಶಿಫ್ಟಿಗೆ 90 ಡೆಸಿಬಲ್ ಅಂತ ನಮ್ಮಲ್ಲಿ ಮಿತಿ. ಒಂದು ಮೀಟರ್ ದೂರದಲ್ಲಿರೋನ ಜೊತೆ ಕಿರುಚಿ ಮಾತಾಡ್ಬೇಕು ಅಂದ್ರೆ ನಿಮ್ಮ ಶಾಪು ಆ ಹತ್ರ ಇದೆ ಅಂತ ಲೆಕ್ಕ, ಇಯರ್ ಪ್ಲಗ್ ಕೊಡಿ.

ಟಾರ್ಗೆಟ್ ಬಗ್ಗೆ ನಿಮ್ಮ ಓನರಿಗೆ ನಾನು ಹೇಳ್ದೆ ಅಂತ ಹೇಳಿ, ಪೀಸ್ ಲೆಕ್ಕದಲ್ಲಿ ಇನ್ಸೆಂಟಿವ್ ಕೊಟ್ಟು ಗಾರ್ಡ್ ಹಾಕ್ಕೊಂಡ್ ಮಾಡಿ ಅಂದ್ರೆ ಹುಡುಗ್ರು ಗಾರ್ಡ್ ಬಿಚ್ತಾರೆ, ನಾವು ಆ ಜಾಗದಲ್ಲಿದ್ರೂ ಬಿಚ್ತೀವಿ. ಗಾರ್ಡ್ ಹಾಕಿದ ಮೇಲೆ ಒಂದು ಶಿಫ್ಟ್ ನಿಜವಾಗ್ಲೂ ಎಷ್ಟು ಪೀಸ್ ಬರುತ್ತೆ ನೋಡಿ ಅದರ ಮೇಲೆ ಟಾರ್ಗೆಟ್ ಇಡ್ಬೇಕು. ಎರಡು ಶಿಫ್ಟ್ ಒಟ್ಟಿಗೆ ಮಾಡಿಸೋದಂತೂ ಬೇಡ. ರಾತ್ರಿ ಮೂರು ಗಂಟೆಗೆ ಯಾರಿಗೂ ಕಣ್ಣು ನಿಲ್ಲಲ್ಲ.

ಬೋರ್ಡು ತೆಗೀರಿ ಅನ್ನಲ್ಲ, ಆದ್ರೆ ಕನ್ನಡ ಇಂಗ್ಲಿಷ್ ಬೋರ್ಡು ಆ ಹುಡುಗ್ರಿಗೆ ಗೋಡೆ ಚಿತ್ರ ಅಷ್ಟೇ. ಅದರ ಬದಲು ಹೊಸಬ ಬಂದ ದಿನ ಅವರದೇ ಊರಿನ ಒಬ್ಬ ಹಳಬನ್ನ ಜೊತೆ ನಿಲ್ಸಿ, ಒಂದು ವಾರ ಪೆಡಲ್ ಮುಟ್ಟಿಸ್ಬೇಡಿ. ಒಂದು ಮರದ ಕಡ್ಡಿನೋ ಕ್ಯಾರೆಟ್ಟನ್ನೋ ಇಕ್ಕಳದಲ್ಲಿ ಹಿಡಿದು ಡೈ ಮಧ್ಯೆ ಇಟ್ಟು ಒಂದು ಸ್ಟ್ರೋಕ್ ಹೊಡೆದು ತೋರಿಸಿ, ಯಾವ ಭಾಷೆನೂ ಬೇಡ.

ಇಷ್ಟೆಲ್ಲಾ ಮಾಡಿದ್ಮೇಲೂ ಏನಾದ್ರೂ ಆದ್ರೆ. ಬೆರಳು ತುಂಡಾದ್ರೆ ಮೊದಲು ಗಾಯದ ಮೇಲೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡಾದ ಬೆರಳನ್ನ ನೀರಲ್ಲಾಗ್ಲಿ ನೇರ ಐಸಲ್ಲಾಗ್ಲಿ ಹಾಕ್ಬೇಡಿ, ಎಲ್ಲರೂ ಮಾಡೋ ತಪ್ಪು ಅದೇ, ಐಸ್ ತಾಗಿದ್ರೆ ಮಾಂಸ ಸುಟ್ಟಂಗೆ ಆಗಿ ಜೋಡಿಸೋಕ್ ಬರಲ್ಲ. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೇಲಿ ಸುತ್ತಿ, ಪ್ಲಾಸ್ಟಿಕ್ ಕವರಲ್ಲಿ ಹಾಕಿ ಗಂಟು ಹಾಕಿ, ಆ ಕವರನ್ನ ಐಸ್ ನೀರಿರೋ ಇನ್ನೊಂದು ಕವರಲ್ಲಿಟ್ಟು ರೋಗಿ ಜೊತೇಲೇ ಕಳ್ಸಿ. ಬೆರಳು ಜೋಡಿಸೋ ಸರ್ಜನ್ ಯಾವ ಆಸ್ಪತ್ರೇಲಿ ಇದಾರೆ, ತುಮಕೂರಲ್ಲೇ ಆಗುತ್ತಾ ಬೆಂಗಳೂರಿಗೇ ಹೋಗ್ಬೇಕಾ ಅನ್ನೋದನ್ನ ಇವತ್ತೇ ಫೋನ್ ಮಾಡಿ ವಿಚಾರಿಸಿ ನಂಬರ್ ಗೋಡೆಗೆ ಬರೀರಿ. ರಕ್ತ ಸುರೀತಿರುವಾಗ ಆ ವಿಚಾರಣೆ ಆಗಲ್ಲ.

ಕೊನೇದು, ನಿಮಗೆ ಇಷ್ಟ ಆಗದೇ ಇರ್ಬೋದು. ಆ ಮೂರು ಹುಡುಗ್ರನ್ನ ಎಲ್ಲಿಗೆ ಕರ್ಕೊಂಡ್ ಹೋದ್ರಿ ಅಂತ ನೀವು ಬರೆದಿಲ್ಲ. ಎಷ್ಟೋ ಕಡೆ ಪ್ರೈವೇಟ್ ನರ್ಸಿಂಗ್ ಹೋಮಿಗೆ ಕರ್ಕೊಂಡು ಹೋಗಿ ಬೈಕಿಂದ ಬಿದ್ದ ಅಂತ ಬರೆಸಿ, ಬಿಲ್ ಕಟ್ಟಿ, ಕೈಗೆ ಹತ್ತು ಸಾವಿರ ಕೊಟ್ಟು ಊರಿಗೆ ರೈಲು ಹತ್ತಿಸ್ತಾರೆ. ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರೋರು ಇಎಸ್ಐ ಒಳಗೆ ಬರ್ತಾರೆ, ಕೆಲಸದಲ್ಲಿ ಆದ ಗಾಯಕ್ಕೆ ಕೆಲಸಕ್ಕೆ ಸೇರಿದ ಮೊದಲನೇ ದಿನದಿಂದಾನೇ ಹಕ್ಕಿದೆ, ಇಷ್ಟು ದಿನ ಕಟ್ಟಿರ್ಬೇಕು ಅಂತಿಲ್ಲ. ರಜದಲ್ಲಿರೋವರೆಗೆ ಸಂಬಳದ ಶೇಕಡ 90 ಲೆಕ್ಕದಲ್ಲಿ ಬರುತ್ತೆ. ಬೆರಳು ಹೋದ್ರೆ ಅದಕ್ಕೂ ಪಟ್ಟಿ ಇದೆ, ಹೆಬ್ಬೆರಳು ಪೂರ್ತಿ ಹೋದ್ರೆ ದುಡಿಯೋ ಶಕ್ತಿ ಶೇಕಡ 30 ಹೋಯ್ತು ಅಂತ, ತೋರುಬೆರಳು ಪೂರ್ತಿ ಹೋದ್ರೆ ಶೇಕಡ 14, ಅರ್ಧ ಹೋದ್ರೆ ಅದಕ್ಕಿಂತ ಕಮ್ಮಿ, ಅದರ ಪ್ರಕಾರ ಜೀವನ ಪೂರ್ತಿ ತಿಂಗಳು ತಿಂಗಳು ದುಡ್ಡು ಬರುತ್ತೆ. ಬೈಕಿಂದ ಬಿದ್ದ ಅಂತ ಬರೆಸಿದ ದಿನ ಆ ಹುಡುಗನ ಆ ಹಕ್ಕಿಗೆ ಕಲ್ಲು ಬಿತ್ತು. 48 ಗಂಟೆ ಕೆಲಸಕ್ಕೆ ಬರೋಕಾಗದ ಗಾಯ ಆದ್ರೆ ಕಾರ್ಖಾನೆ ಬಾಯ್ಲರ್ ಇಲಾಖೆಗೆ ತಿಳಿಸ್ಬೇಕು ಅನ್ನೋದೂ ಹಳೇ ಕಾನೂನೇ. ತಿಳಿಸಿದ್ರೆ ಇನ್ಸ್‌ಪೆಕ್ಟರ್ ಬರ್ತಾರೆ ಅಂತ ಓನರ್ ಹೆದರ್ಬೋದು, ಬರ್ಲಿ, ಆ ಟ್ರಿಪ್ಪಿನ ಮೂಲೆ ಅವರೂ ನೋಡ್ಲಿ.

ಆ ಅರ್ಧ ಬೆರಳಿನ ಹುಡುಗ ಇನ್ನೂ ನಿಮ್ಮಲ್ಲೇ ಇದ್ರೆ ಕವರ್ ಬಿಚ್ಚುವಾಗ ಅವನನ್ನೂ ಕರೀರಿ. ಯಾವ ಸದ್ದು ಬಂದ ಮೇಲೆ ಎರಡನೇ ಸ್ಟ್ರೋಕ್ ಬಂತು ಅಂತ ಅವನಿಗೆ ಗೊತ್ತಿರುತ್ತೆ. ಕ್ಲಚ್ಚಿಂದು ಒಂದು ಫೋಟೋ, ಬ್ರೇಕ್ ಲೈನರಿಂದು ಒಂದು ಫೋಟೋ ನಂಗೆ ಕಳ್ಸಿ, ಯಾವುದನ್ನ ಸರಿ ಮಾಡಿಸ್ಬೋದು ಯಾವುದನ್ನ ಬದಲಾಯಿಸ್ಲೇಬೇಕು ಅಂತ ನೋಡಿ ಹೇಳ್ತೀನಿ.